ಕಲಬುರಗಿಯಲ್ಲಿದ್ದುಕೊಂಡೇ ಏಷ್ಯಾದ ಧರ್ಮ, ಕಲೆ, ಸಂಸ್ಕೃತಿಗಳನ್ನು ಅಧ್ಯಯನ ಮಾಡಬಹುದೇ?

ಬಿ.ಎ. ಮುಗಿಸಿರುವ ತಾವು, ಏಷ್ಯಾದ ಧರ್ಮ ಮತ್ತು ಕಲೆಯನ್ನು ಓದಲು ದೆಹಲಿಗೋ ವಿದೇಶಕ್ಕೋ ಹೋಗಲೇಬೇಕೇ, ಕಲಬುರಗಿಯಲ್ಲಿದ್ದುಕೊಂಡು ಓದಿದರೆ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿಯಾಗಿ ಇದನ್ನೇ ಇಲ್ಲಿ ಓದುತ್ತಿರುವ ನನ್ನ ಅಭಿಪ್ರಾಯದಲ್ಲಿ, ಮೊದಲ ಕೆಲವು ವರ್ಷಗಳಿಗೆ ಈ ಭಾಗ ಸಾಕಷ್ಟೇ ಅಲ್ಲ, ಅನುಕೂಲವೂ ಹೌದು. ಆದರೆ ಪಠ್ಯಪುಸ್ತಕವು ಬೌದ್ಧ, ಹಿಂದೂ, ಇಸ್ಲಾಮಿ ಎಂದು ಪ್ರತ್ಯೇಕ ಅಧ್ಯಾಯಗಳಲ್ಲಿ ಹೇಳುವುದನ್ನು ಸ್ಥಳಕ್ಕೆ ಹೋಗಿ ಪರೀಕ್ಷಿಸುವ ವ್ಯವಧಾನವಿರಬೇಕು.

ಚಿತ್ತಾಪುರ ತಾಲ್ಲೂಕಿನ ಸನ್ನತಿಯಿಂದ ಆರಂಭಿಸಿ. ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿದ ಮೇಲೆ, ವಿಗ್ರಹದ ಪೀಠವಾಗಿ ಬಳಕೆಯಲ್ಲಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನವಿರುವುದು ತಿಳಿದುಬಂತು. ವಿಗ್ರಹವನ್ನು ನಿಲ್ಲಿಸಲೆಂದು ಕಲ್ಲಿನಲ್ಲಿ ಕೊರೆದ ರಂಧ್ರದಿಂದ ಬ್ರಾಹ್ಮಿ ಅಕ್ಷರಗಳು ಕೆಲವು ಕಡೆ ನಷ್ಟವಾಗಿವೆ. ಇದನ್ನು ಕೆಲವರು ನಾಶವೆಂದು ಮಾತ್ರ ಓದುತ್ತಾರೆ. ಲಿಪಿಯನ್ನು ಓದುವವರೇ ಇಲ್ಲದ ಕಾಲದಲ್ಲಿ ಒಳ್ಳೆಯ ಚಪ್ಪಡಿಯೊಂದು ಹೊಸ ದೇವತೆಗೆ ಪೀಠವಾಯಿತು ಎಂಬ ಓದು ನನಗೆ ಹೆಚ್ಚು ಸಮಂಜಸವೆನಿಸುತ್ತದೆ.

ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನವಾದ ಮಹಾಸ್ತೂಪದ ಸುಣ್ಣಕಲ್ಲಿನ ಫಲಕಗಳಲ್ಲೊಂದರಲ್ಲಿ ರಾಜ, ರಾಣಿ ಹಾಗೂ ಛತ್ರಚಾಮರ ಹಿಡಿದ ಪರಿಚಾರಿಕೆಯರಿದ್ದು, ಅದರ ಮೇಲೆ ‘ರಾಯೋ ಅಸೋಕೋ’ (ರಾಜ ಅಶೋಕ) ಎಂದು ಬರೆದಿದೆ. ಇದು ಅಶೋಕನ ಭಾವಚಿತ್ರವೆಂದು ಪತ್ರಿಕೆಗಳು ಸಂಭ್ರಮದಿಂದ ಬರೆಯುತ್ತವೆ. ಅಶೋಕನು ಕ್ರಿ.ಪೂ. 3ನೇ ಶತಮಾನದವನು, ಫಲಕವಾದರೋ ಶಾತವಾಹನರ ಕಾಲದ್ದು. ಹೀಗಾಗಿ ಅವನು ಹೇಗಿದ್ದನೆಂಬುದಕ್ಕಿಂತ, ಅವನು ಗತಿಸಿ ಬಹುಕಾಲವಾದ ಮೇಲೂ ಭೀಮಾ ತೀರದ ಬೌದ್ಧರು ಅವನನ್ನು ಹೇಗೆ ನೆನೆಯಬಯಸಿದರು ಎಂಬುದಕ್ಕೆ ಅದು ಸಾಕ್ಷಿ. ಅದೇ ಸ್ತೂಪದಲ್ಲಿ ಬುದ್ಧನು ಕೆಲವೆಡೆ ಪಾದಗಳ ಗುರುತಾಗಿ, ಬರಿದಾದ ಆಸನವಾಗಿ ತೋರಿದರೆ, ಇನ್ನು ಕೆಲವೆಡೆ ಮಾನವರೂಪದ ಪ್ರತಿಮೆಯಾಗಿದ್ದಾನೆ. ಸಾಂಚಿಯ ಸಂಕೇತಗಳಿಂದ ಮುಂದಿನ ಕಾಲದ ಮೂರ್ತಿಗಳವರೆಗಿನ ಬದಲಾವಣೆಯನ್ನು ಒಂದೇ ನಿವೇಶನದಲ್ಲಿ ಅಭ್ಯಾಸ ಮಾಡುವ ಅವಕಾಶ ಸುಲಭಕ್ಕೆ ಸಿಗುವಂಥದ್ದಲ್ಲ.

ಪಶ್ಚಿಮ ಮತ್ತು ಮಧ್ಯ ಏಷ್ಯಾಕ್ಕೆ ಬಂದರೆ ಬೀದರ್ ಇದೆ. ಇರಾನಿನ ಗೀಲಾನ್ ಪ್ರಾಂತ್ಯದಿಂದ ವ್ಯಾಪಾರಿಯಾಗಿ ಬಂದು ಬಹಮನಿಗಳ ಪ್ರಧಾನಿಯಾದ ಮಹಮೂದ್ ಗವಾನನು 1472ರಲ್ಲಿ ಪೂರ್ಣಗೊಳಿಸಿದ ಮದರಸಾದ ವಿನ್ಯಾಸವನ್ನು ಮಧ್ಯ ಏಷ್ಯಾದ ಸಮರ್‌ಕಂದದಲ್ಲಿ ತೈಮೂರ್ ವಂಶದ ದೊರೆ ಉಲೂಗ್ ಬೇಗ್ ಕಟ್ಟಿಸಿದ ಮದರಸಾದ ನಕ್ಷೆಯ ಪಕ್ಕದಲ್ಲಿಟ್ಟು ನೋಡಿದರೆ, ನಡುವಿನ ಅಂಗಳ, ಅದರತ್ತ ತೆರೆದುಕೊಳ್ಳುವ ಎತ್ತರದ ಕಮಾನುಗಳು, ಬಣ್ಣದ ಮೆರುಗಿನ ಹೆಂಚುಗಳು ಎಲ್ಲವೂ ಬಂಧುತ್ವವನ್ನು ತೋರುತ್ತವೆ. ಮೊಘಲರ ಕಾಲದಲ್ಲಿ ಕಟ್ಟಡದ ಒಂದು ಭಾಗ ನಾಶವಾದರೂ, ಉಳಿದ ಮಿನಾರಿನ ಅಂಕುಡೊಂಕಾದ ಹೆಂಚಿನ ಪಟ್ಟಿಗಳನ್ನು ಇಂದಿಗೂ ಕಾಣಬಹುದು. ಆದರೆ ಇದೆಲ್ಲವೂ ಆಮದು ಎಂದು ಷರಾ ಬರೆಯುವ ಮುನ್ನ ಬಿದರಿ ಕೆಲಸಗಾರರ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿ ದ್ರಾವಣವನ್ನು ಬಳಸಿದಾಗ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಳ್ಳಿಯ ವಿನ್ಯಾಸ ಪಾರಸಿ ಮೂಲದ್ದಿರಬಹುದು. ಆ ಕಪ್ಪು ಮಾತ್ರ ಬೀದರಿನ ಮಣ್ಣಿನದು.

ಬೀದರ್ ಸಮೀಪದ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಸಮಾಧಿಗೆ ಉರುಸಿನ ಸಮಯದಲ್ಲೇ ಹೋಗಿ. ಇರಾನಿನ ಕಿರ್ಮಾನ್ ಕಡೆಯ ಸೂಫಿ ಗುರು ಷಾ ನಿಯಾಮತುಲ್ಲಾ ಅವರ ಪರಂಪರೆಯನ್ನು ಸಾರುವ ಬರಹಗಳು ಗುಮ್ಮಟದೊಳಗೆ ಬಂಗಾರದ ಬಣ್ಣದಲ್ಲಿವೆ; ಅದೇ ಗುಮ್ಮಟದಡಿ ನಡೆಯುವ ಉರುಸು ಹೋಳಿ ಹುಣ್ಣಿಮೆಯನ್ನು ಅನುಸರಿಸಿ ಬರುತ್ತದೆ, ಅದಕ್ಕೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ, ಅನೇಕ ಭಕ್ತರು ಸುಲ್ತಾನನನ್ನು ಅಲ್ಲಮಪ್ರಭು ಎಂದೇ ನಂಬುತ್ತಾರೆ. ಭಾಷಣಗಳಲ್ಲಿ ಇದನ್ನು ಭಾವೈಕ್ಯವೆಂದು ಕರೆದು ಮುಗಿಸುವುದು ರೂಢಿ. ವಿದ್ಯಾರ್ಥಿಯ ಕೆಲಸ ಅಲ್ಲಿಂದ ಶುರುವಾಗಬೇಕು: ಯಾರು ಯಾವ ವಿಧಿಯನ್ನು ನೆರವೇರಿಸುತ್ತಾರೆ, ಯಾರಿಗೆ ಮೊದಲ ಮರ್ಯಾದೆ, ಒಂದೇ ಸಮಾಧಿಯ ಬಗ್ಗೆ ಇಬ್ಬರು ಹೇಳುವ ಕಥೆಗಳು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಬರೆದುಕೊಳ್ಳಬೇಕು. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಕ್ಷೇತ್ರಕ್ಕೂ ಇದೇ ಪ್ರಶ್ನೆಗಳನ್ನು ಹಿಡಿದುಕೊಂಡು ಹೋಗಬಹುದು.

ಇಲ್ಲಿ ದೊರೆಯದಿರುವುದೂ ಇದೆ. ಚೀನಾ, ಜಪಾನ್‌ಗಳ ಕಲೆಯನ್ನು ಮೂಲದಲ್ಲಿ ನೋಡಲು ಹೊರಗೆ ಹೋಗಲೇಬೇಕು. ಉದ್ಯೋಗಗಳೂ ಹೇರಳವಾಗಿಲ್ಲ, ಬೋಧನೆ, ಪುರಾತತ್ವ, ವಸ್ತುಸಂಗ್ರಹಾಲಯ, ಪ್ರವಾಸೋದ್ಯಮ ಬಿಟ್ಟರೆ ದಾರಿ ಕಿರಿದು, ಆದ್ದರಿಂದ ಕಾಲೇಜು ಅಧ್ಯಾಪಕ ಹುದ್ದೆಗೆ ಅರ್ಹತೆ ನೀಡುವ ನೆಟ್ ಪರೀಕ್ಷೆಯ ತಯಾರಿಯನ್ನು ಜೊತೆಯಲ್ಲೇ ನಡೆಸಿ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಮತ್ತು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಸ್ನಾತಕೋತ್ತರ ವ್ಯಾಸಂಗಕ್ಕೆ ಅವಕಾಶವಿದೆ. ಪ್ರವೇಶಕ್ಕೆ ಮುಂಚೆಯೇ ಒಂದು ಮೂಲಭಾಷೆಯನ್ನು ಆರಿಸಿಕೊಳ್ಳಿ: ಸನ್ನತಿಯ ಕಡೆ ಮನಸ್ಸಿದ್ದರೆ ಬ್ರಾಹ್ಮಿ ಲಿಪಿಯೊಂದಿಗೆ ಪ್ರಾಕೃತ, ಬೀದರಿನ ಕಡೆಯಾದರೆ ಪಾರಸಿ. ಪಾರಸಿಗೆ ಹೆದರಬೇಕಾಗಿಲ್ಲ, ಮೊದಲು ಉರ್ದು ಓದಲು ಕಲಿತರೆ ಲಿಪಿಯ ತೊಡಕು ಬಹುಪಾಲು ಕಳೆಯುತ್ತದೆ, ಮತ್ತು ಕಲಬುರಗಿಯಲ್ಲಿ ಉರ್ದು ಕಲಿಸುವವರಿಗೆ ಕೊರತೆಯಿಲ್ಲ.