ರ‍್ಯಾಮ್ ಆಮೇಲೆ ತಗೊಳ್ಳಿ, ಮೊದಲು ಆ ರನ್ ನಿಲ್ಲಿಸಿ

ಎಲೆ ಚಿತ್ರಗಳ ಆಕಾರ ಹೋಲಿಸಲು, ಅವುಗಳ ಸ್ಕೆಲಿಟನ್‌ನಿಂದ (ಆಕಾರದ ನಡುವಿನ ತೆಳು ಗೆರೆ) 60 ನೋಡ್‌ಗಳ (ಬಿಂದುಗಳ) ಗ್ರಾಫ್ ಮಾಡಿ, ಪೈಥಾನ್ ಲೈಬ್ರರಿ ನೆಟ್‌ವರ್ಕ್‌ಎಕ್ಸ್‌ನ ಎಡಿಟ್ ಡಿಸ್ಟೆನ್ಸ್‌ಗೆ (ಒಂದು ಗ್ರಾಫನ್ನು ಇನ್ನೊಂದಾಗಿ ಬದಲಿಸುವ ಕನಿಷ್ಠ ಖರ್ಚು) ಕೊಟ್ಟು ಎರಡು ದಿನದಿಂದ ಕಾಯುತ್ತಿದ್ದೀರಿ. ಈಗ ರ‍್ಯಾಮ್ ಜಾಸ್ತಿ ಮಾಡಲಾ ಅಂತ ಕೇಳಿದ್ದೀರಿ. ಬೇಡ! ನಾನೂ ಹೀಗೇ ದುಡ್ಡು ಕಳೆದುಕೊಂಡವನು. ಇದು ಎನ್‌ಪಿ-ಹಾರ್ಡ್, ಅಂದರೆ ಗ್ರಾಫ್ ದೊಡ್ಡದಾದಂತೆ ಸಮಯ ಸಿಕ್ಕಾಪಟ್ಟೆ ಏರುವ ಲೆಕ್ಕ. ಹತ್ತು ಹನ್ನೆರಡು ನೋಡ್ ದಾಟಿದ ಮೇಲೆ ನಿಖರ ಉತ್ತರದ ಆಸೆ ಬಿಡಿ. ನೆಟ್‌ವರ್ಕ್‌ಎಕ್ಸ್ ಕಲಿಯೋಕೆ ಚೆನ್ನಾಗಿದೆ, ಇಂಥ ಕೆಲಸಕ್ಕಲ್ಲ.

ನನಗೆ ಕೆಲಸಕ್ಕೆ ಬಂದದ್ದು ರೀಸೆನ್ ಮತ್ತು ಬುಂಕೆ 2009ರಲ್ಲಿ ಬರೆದ ಬೈಪಾರ್ಟೈಟ್ ವಿಧಾನ: ಒಂದು ಗ್ರಾಫ್‌ನ ನೋಡ್‌ಗಳನ್ನು ಇನ್ನೊಂದರ ನೋಡ್‌ಗಳಿಗೆ ಕಡಿಮೆ ಖರ್ಚಿನಲ್ಲಿ ಜೋಡಿಸಿ ದೂರವನ್ನು ಅಂದಾಜು ಮಾಡುವುದು. 60ಕ್ಕೆ 60 ಆದರೆ, ಡಮ್ಮಿ ನೋಡ್‌ಗಳೂ ಸೇರಿ 120×120 ಖರ್ಚಿನ ಮ್ಯಾಟ್ರಿಕ್ಸ್: ಎಡಗಡೆ ಮೇಲೆ ಜೋಡಿಸುವ, ಬಲಗಡೆ ಮೇಲೆ ಅಳಿಸುವ (ಡಿಲೀಟ್), ಎಡಗಡೆ ಕೆಳಗೆ ಸೇರಿಸುವ (ಇನ್ಸರ್ಟ್) ಖರ್ಚು. ಅದನ್ನು ಪೈಥಾನ್‌ನ ಸೈಪೈ ಲೈಬ್ರರಿಯ ಲೀನಿಯರ್ ಸಮ್ ಅಸೈನ್‌ಮೆಂಟ್‌ಗೆ (ಒಟ್ಟು ಖರ್ಚು ಕನಿಷ್ಠವಾಗುವ ಜೋಡಿಗಳನ್ನು ಹುಡುಕುವ ಫಂಕ್ಷನ್) ಕೊಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಆದರೆ ಬಲಗಡೆ ಕೆಳಗಿನ ಬ್ಲಾಕ್ ಪೂರ್ತಿ ಸೊನ್ನೆ ಇರಬೇಕು. ಡಿಲೀಟ್, ಇನ್ಸರ್ಟ್ ಬ್ಲಾಕ್‌ಗಳಲ್ಲಿ ಕರ್ಣ ಬಿಟ್ಟು ಉಳಿದದ್ದಕ್ಕೆ ಇನ್ಫಿನಿಟಿ ಹಾಕ್ತೀವಲ್ಲ, ನಾನು ಅದೇ ಭರದಲ್ಲಿ ಇಲ್ಲಿಗೂ ತುಂಬಿಬಿಟ್ಟಿದ್ದೆ. ಎರರ್ ಬರಲಿಲ್ಲ, ಅದೇ ಮೋಸ. ಒಂದು ನೋಡ್ ಇನ್ನೊಂದಕ್ಕೆ ಜೋಡಿಯಾದರೆ ಉಳಿದ ಡಮ್ಮಿಗಳು ಈ ಬ್ಲಾಕ್‌ನಲ್ಲೇ ಜೋಡಿಯಾಗಬೇಕು. ಅದಕ್ಕೆ ಜಾಗ ಇಲ್ಲದಿದ್ದರೆ ಎಲ್ಲ ಅಳಿಸಿ ಎಲ್ಲ ಸೇರಿಸುವುದೊಂದೇ ದಾರಿ. ನನ್ನ ಇಕ್ಕಳ, ಸುತ್ತಿಗೆ, ಸ್ಪ್ಯಾನರ್ ಚಿತ್ರಗಳು ಆಕಾರ ಬಿಟ್ಟು ನೋಡ್ ಎಣಿಕೆಯ ಮೇಲೇ ಸಾಲುಗಟ್ಟಿ ನಿಂತಿದ್ದವು. ಒಂದು ವಾರ ಫೀಚರ್‌ಗಳನ್ನೇ ಬೈದುಕೊಂಡು ಕೂತಿದ್ದೆ.

ನೋಡ್ ಕಾಸ್ಟ್‌ಗೆ ಸುತ್ತಲಿನ ಎಡ್ಜ್‌ಗಳ (ನೋಡ್‌ಗಳನ್ನು ಕೂಡಿಸುವ ಗೆರೆಗಳ) ಉದ್ದವನ್ನೂ ಸೇರಿಸಿ. ಬರೀ ಡಿಗ್ರಿ (ಎಡ್ಜ್‌ಗಳ ಎಣಿಕೆ) ಹಾಕಿದರೆ ಎಲ್ಲ ಕವಲೂ ಒಂದೇ ಥರ ಕಾಣುತ್ತದೆ. ಅಸೈನ್‌ಮೆಂಟ್ ಕೊಟ್ಟ ಮೊತ್ತವನ್ನೇ ದೂರ ಅಂದುಕೊಳ್ಳಬೇಡಿ. ಸಿಕ್ಕ ಜೋಡಿಗಳಿಂದ ಎಡ್ಜ್ ಖರ್ಚನ್ನು ಮತ್ತೆ ಕೂಡಿ. ಆಗ ಬರುವುದು ನಿಜವಾದ ದೂರಕ್ಕಿಂತ ಜಾಸ್ತಿ ಇರಬಹುದು, ಕಡಿಮೆಯಂತೂ ಆಗದು.

ಇನ್ನು, ಆ 60 ನೋಡ್‌ನಲ್ಲಿ ಅರ್ಧ ಕಸ ಅಲ್ವಾ? ಅಂಚಿನ ಗದ್ದಲದಿಂದ ಹುಟ್ಟಿದ ಗಿಡ್ಡ ಕವಲುಗಳನ್ನು ಮೊದಲು ಕತ್ತರಿಸಿ. ಈ ಗುಂಪಿನಲ್ಲಿ ಎಷ್ಟು ಸಲ ಹೇಳುವುದು! ಎಲೆಯಲ್ಲಿ ತೂತಿಲ್ಲದಿದ್ದರೆ ಉಳಿಯುವುದು ಟ್ರೀ, ಅಂದರೆ ಸುತ್ತುಗಳಿಲ್ಲದ ಗ್ರಾಫ್. ಕವಲುಗಳನ್ನು ಗಡಿಯಾರದ ಸುತ್ತಿನಂತೆ ಜೋಡಿಸಿ, ಬೇರನ್ನು ತೊಟ್ಟಿನ ಕಡೆ ಇಟ್ಟರೆ ಟ್ರೀಗಳ ಎಡಿಟ್ ಡಿಸ್ಟೆನ್ಸ್ ಲೆಕ್ಕ ಹಾಕುವ ಜಾಂಗ್–ಶಾಶಾ ವಿಧಾನ (1989) ನಿಖರ ಉತ್ತರವನ್ನೇ ಕೊಡುತ್ತದೆ. ಕ್ರಮ ಬಿಟ್ಟರೆ ಮತ್ತೆ ಎನ್‌ಪಿ-ಹಾರ್ಡ್. ತೊಟ್ಟು ಮುರಿದ ಎಲೆಗೆ ಬೇರು ತಪ್ಪುತ್ತದೆ, ಅಲ್ಲಿ ಬೈಪಾರ್ಟೈಟೇ ಸರಿ.

ಜಿಎನ್‌ಎನ್ (ಗ್ರಾಫ್‌ಗಳಿಂದ ಕಲಿಯುವ ನ್ಯೂರಲ್ ನೆಟ್‌ವರ್ಕ್) ಹಾಕಿ ಅನ್ನುವವರು ಈಗ ಬರ್ತಾರೆ. 40 ಚಿತ್ರಕ್ಕೆ ಸುಮ್ನೆ ಯಾಕೆ?

ರನ್ ಮಾಡುವ ಮುಂಚೆ ಒಂದೇ ಎಲೆಯ ನೋಡ್‌ಗಳ ಕ್ರಮವನ್ನು ಕಲಸಿ, ಅದನ್ನು ಅದಕ್ಕೇ ಹೋಲಿಸಿ. ಅಸೈನ್‌ಮೆಂಟ್ ಮೊತ್ತ 0 ಬರಲೇಬೇಕು. ಬರದಿದ್ದರೆ ಮ್ಯಾಟ್ರಿಕ್ಸ್‌ನ ಫೋಟೋ ಇಲ್ಲಿ ಹಾಕಿ, ಬಲಗಡೆ ಕೆಳಗಿನ ಮೂಲೆ ಕಾಣುವ ಹಾಗೆ.