ಸಂಬಳದ ಚೀಟಿ ಇಲ್ಲದವರಿಗೆ ಯಾವ ವಿಮೆ?

ಮಾನ್ಯ ಮೇಷ್ಟ್ರೇ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಜರ್ಮನಿಯಲ್ಲಿ ಸೊಸೆಯ ಹೆರಿಗೆಯಾದಾಗ ಮಗ ಆಸ್ಪತ್ರೆಯ ಬಿಲ್ಲಿಗೆ ಪರದಾಡಲಿಲ್ಲ, ಆ ವಿಮೆ ಪದ್ಧತಿಯನ್ನೇ ನಮ್ಮ ಮದ್ದೂರಿಗೂ ತರಬಾರದೇಕೆ ಎಂದು ಕೇಳಿದ್ದೀರಿ.

ಆ ಪದ್ಧತಿ ನಿಂತಿರುವುದೇ ಸಂಬಳದ ಚೀಟಿಯ ಮೇಲೆ. 1883ರಲ್ಲಿ, ಅಲ್ಲಿನ ಸರ್ಕಾರದ ಮುಖ್ಯಸ್ಥನಾಗಿದ್ದ ಬಿಸ್ಮಾರ್ಕ್ ಕಾಲದಲ್ಲಿ, ಶುರುವಾದದ್ದೂ ಕಾರ್ಖಾನೆಯ ಕೆಲಸಗಾರರಿಗಾಗಿ. ಈಗ ಸಂಬಳದ ಶೇ. 14.6ರಷ್ಟು, ಮೇಲೊಂದಿಷ್ಟು ವಂತಿಗೆ ತಿಂಗಳು ತಿಂಗಳೂ ಹೋಗುತ್ತದೆ; ಅರ್ಧ ಕೆಲಸಗಾರನದು, ಅರ್ಧ ಮಾಲೀಕನದು. ನಮ್ಮ ಇಎಸ್‌ಐ (ನೌಕರರ ರಾಜ್ಯ ವಿಮೆ) ಅದೇ ಜಾತಿಯದು, ಮೈಸೂರಿನ ಕಾರ್ಖಾನೆ ನೌಕರರಿಗೆ ಒದಗುತ್ತದೆ. ಆದರೆ ಕಬ್ಬು ಬೆಳೆಯುವವನಿಗೆ ಮಾಲೀಕ ಯಾರು? ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ಬೇಯುವವನ ದಿನಗೂಲಿಯಲ್ಲಿ ಏನೆಂದು ಮುರಿದುಕೊಳ್ಳುವುದು?

ಈ ತೊಡಕಿಗೆ ನಮ್ಮವರೇ ಒಂದು ದಾರಿ ಕಂಡುಕೊಂಡಿದ್ದರು, 2003ರ ಯಶಸ್ವಿನಿ. ಸಂಬಳದ ಬದಲು ಸಹಕಾರ ಸಂಘದ ಸದಸ್ಯತ್ವವನ್ನು ಹಿಡಿದು, ತಲೆಗೆ ವರ್ಷಕ್ಕೆ 60 ರೂಪಾಯಿಯಿಂದ ಆರಂಭಿಸಿದರು. ಡೈರಿಗೆ ಹಾಲು ಹಾಕುವ ರೈತನಿಗೆ ಆಪರೇಷನ್ ಕೈಗೆಟುಕಿತು. ಅದರ ಬಗ್ಗೆ ನನಗೆ ತುಂಬು ಹೆಮ್ಮೆಯಿದೆ.

ಆದರೆ ಯಶಸ್ವಿನಿಯಾಗಲಿ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಕಾರ್ಡಾಗಲಿ, ಹೆಚ್ಚಾಗಿ ಕೆಲಸಕ್ಕೆ ಬರುವುದು ಆಸ್ಪತ್ರೆಯಲ್ಲಿ ಮಲಗಿದ ಮೇಲೆ. ನಮ್ಮ ಪಕ್ಕದ ಮನೆಯ ಅಜ್ಜಿ, ಆರೋಗ್ಯ ಕೇಂದ್ರದಲ್ಲಿ ಸಿಗದಾಗ, ಅಂಗಡಿಯಲ್ಲಿ ಶುಗರ್ ಮಾತ್ರೆಯ ಹಾಳೆಯಿಂದ ಐದೈದೇ ಕತ್ತರಿಸಿಕೊಂಡು ತರುತ್ತಿದ್ದರು. ಕಬ್ಬಿನ ಬಟವಾಡೆ ತಡವಾದರೆ ಬೆಳಗಿನದು ನುಂಗಿ ರಾತ್ರಿಯದು ಬಿಡುತ್ತಿದ್ದರು. ಕಾಲಿನ ಹುಣ್ಣು ಮಾಯಲೇ ಇಲ್ಲ. ಬೆರಳು ತೆಗೆಸುವಾಗ ಕಾರ್ಡು ಕೆಲಸಕ್ಕೆ ಬಂತು, ಮಾತ್ರೆಗೆ ಬಂದಿರಲಿಲ್ಲ. ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೇ ಜರ್ಮನಿಗಿಂತ ಥಾಯ್ಲೆಂಡ್ ಕಡೆ ನೋಡಿ ಎನ್ನುತ್ತೇನೆ. ಅಲ್ಲೂ ಭತ್ತ, ಕಬ್ಬು ಬೆಳೆಯುವವರು ಬಹಳ. 2002ರಿಂದ, ಸರ್ಕಾರಿ ನೌಕರಿಯ ಅಥವಾ ಸಂಬಳದ ವಿಮೆ ಇಲ್ಲದವರಿಗೆಲ್ಲ ತೆರಿಗೆ ಹಣದಲ್ಲೇ ಚಿಕಿತ್ಸೆ. ಒಂದು ಸಲ ಹೋದರೆ ಹೆಚ್ಚೆಂದರೆ 30 ಬಾತ್ (ಅಲ್ಲಿನ ನಾಣ್ಯ), ದಿನನಿತ್ಯದ ಮಾತ್ರೆಯೂ ಅದರಲ್ಲೇ. ಹೊರರೋಗಿಗಳ ಹಣ ಆಸ್ಪತ್ರೆಗೆ ಹೋಗುವುದು ನೋಂದಾಯಿಸಿಕೊಂಡವರ ತಲೆ ಲೆಕ್ಕದಲ್ಲಿ. ಆದರೆ ಯೋಜನೆಗೂ ಮೂರು ದಶಕ ಮೊದಲೇ ಅವರು ಹೊಸ ಡಾಕ್ಟರುಗಳನ್ನು ಹಳ್ಳಿಗೆ ಕಳಿಸಲು ಶುರುಮಾಡಿದ್ದರು, ಜಿಲ್ಲೆಯ ಒಳಗೊಳಗೆ ಆಸ್ಪತ್ರೆ ಕಟ್ಟುತ್ತಾ ಹೋಗಿದ್ದರು. ಡಾಕ್ಟರೇ ಇಲ್ಲದ ಕಡೆ ಕಾರ್ಡ್ ಹಿಡಿದು ಯಾರ ಬಾಗಿಲು ತಟ್ಟುವುದು? ನಾವು ಎರವಲು ತರಬೇಕಾದ್ದು ಮೊದಲು ಈ ಭಾಗವನ್ನು.

ಮೇಷ್ಟ್ರೇ, ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಮ್ಮೆ ಹೋಗಿ, ಶುಗರ್, ಬಿಪಿ ಮಾತ್ರೆ ಎಷ್ಟು ದಿನಕ್ಕಾಗುವಷ್ಟು ಕೊಡುತ್ತಾರೆ ಎಂದು ಸಾಲಿನಲ್ಲಿ ನಿಂತವರನ್ನೇ ಕೇಳಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

— ಸಂಪಾದಕ