ನೋಡಿದವರ ಪಟ್ಟಿಯಲ್ಲಿ ಎರಡು ಹೆಸರು

ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಮೂವತ್ತೈದರ ಆಸುಪಾಸಿನ ಆ ಮಹಿಳೆಯನ್ನು ಇಲ್ಲಿ ಸುಮಾ ಎಂದು ಕರೆಯೋಣ. ಅವರು ನನ್ನ ಬಳಿ ಆಪ್ತಸಲಹೆಗೆ ಬಂದದ್ದು ರಾತ್ರಿ ನಿದ್ರೆ ಬರುವುದಿಲ್ಲವೆಂದು. ಜೊತೆಗೆ ಬಂದಿದ್ದ ಪತಿಯ ದೂರು ಬೇರೆಯೇ ಆಗಿತ್ತು: “ಹೋದಲ್ಲಿ ಬಂದಲ್ಲಿ ಫೋಟೋ ತೆಗೆದು ಹಾಕಬೇಕು, ಮಗನ ಅಂಕಪಟ್ಟಿಯನ್ನೂ ಹಾಕಬೇಕು. ನಾವಿಬ್ಬರೂ ಮಾತು ಬಿಟ್ಟಿದ್ದ ಸಮಯದಲ್ಲೇ ಮದುವೆಯ ವಾರ್ಷಿಕೋತ್ಸವ ಬಂತು. ಅಂದು ನನ್ನನ್ನು ಹೊಗಳಿ ಉದ್ದಕ್ಕೆ ಬರೆದಿದ್ದಳು. ಮನೆಯಲ್ಲಿ ಒಂದು ಮಾತಿಲ್ಲ, ನಾನು ಅದನ್ನು ಓದಿದ್ದು ಫೇಸ್‌ಬುಕ್‌ನಲ್ಲಿ!” ಸುಮಾ ತಲೆ ತಗ್ಗಿಸಿ ಕುಳಿತಿದ್ದರು. ಪತಿಯನ್ನು ಹೊರಗೆ ಕೂರಲು ಕೇಳಿಕೊಂಡೆ.

ನಿದ್ರಾಹೀನತೆಯೊಂದಿಗೆ ಎರಡು ವಾರಕ್ಕೂ ಮೀರಿ ಮಂಕು ಕವಿದಿದ್ದರೆ, ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ ಅಥವಾ ಬದುಕೇ ಬೇಡವೆನಿಸುತ್ತಿದ್ದರೆ ಮನೋವೈದ್ಯರ ಬಳಿ ಕಳುಹಿಸಬೇಕಾಗುತ್ತದೆ. ಆದ್ದರಿಂದ ಮೊದಲು ಅದನ್ನೇ ವಿಚಾರಿಸಿದೆ. ಅಂಥ ಲಕ್ಷಣಗಳು ಕಾಣಲಿಲ್ಲ. ನಿದ್ರೆ ಕೆಟ್ಟಿದ್ದಕ್ಕೆ ಕಾರಣ ಸರಳವಾಗಿತ್ತು: ಸ್ಟೇಟಸ್ ಹಾಕಿದ ರಾತ್ರಿ ಅವರು ಮತ್ತೆ ಮತ್ತೆ ಎದ್ದು, ಅದನ್ನು ಯಾರು ಯಾರು ನೋಡಿದರೆಂಬ ಪಟ್ಟಿಯನ್ನು ತೆರೆಯುತ್ತಿದ್ದರು.

ಆ ಪಟ್ಟಿಯಲ್ಲಿ ಯಾರ ಹೆಸರನ್ನು ಹುಡುಕುತ್ತೀರಿ ಎಂದು ಕೇಳಿದಾಗ “ಎಲ್ಲರದ್ದೂ, ಮೇಡಂ” ಎಂದರು. ಮುಂದಿನ ಭೇಟಿಯಲ್ಲಿ, ನಾನು ಕೇಳುವ ಮೊದಲೇ, ಎರಡೇ ಹೆಸರು ಎಂದು ಒಪ್ಪಿಕೊಂಡರು. ಒಬ್ಬಾಕೆ ಹಿಂದಿನ ಕಚೇರಿಯ ಗೆಳತಿ. ಇಬ್ಬರೂ ಒಟ್ಟಿಗೇ ಕೆಲಸಕ್ಕೆ ಸೇರಿದವರು. ಮಗು ಹುಟ್ಟಿದ ಮೇಲೆ ಸುಮಾ ಕೆಲಸ ಬಿಟ್ಟರು, ಆಕೆ ಈಗ ಅದೇ ವಿಭಾಗದ ಮುಖ್ಯಸ್ಥೆ. ಇನ್ನೊಬ್ಬರು, ಕೆಲಸ ಬಿಡುವಾಗ “ಓದಿಸಿದ್ದೆಲ್ಲ ದಂಡವಾಯಿತು” ಎಂದಿದ್ದ ಸ್ವಂತ ಅಕ್ಕ. ನೂರಾರು ಮಂದಿ ಮೆಚ್ಚಿದರೂ ಇವರಿಬ್ಬರು ನೋಡದಿದ್ದರೆ ಆ ಫೋಟೋ ವ್ಯರ್ಥ. ನೋಡಿಯೂ ಏನೂ ಹೇಳದಿದ್ದರೆ ಇನ್ನೂ ಕಷ್ಟ.

ಬದುಕನ್ನು ಪ್ರದರ್ಶನಕ್ಕಿಡುವವರನ್ನು ಅಹಂಕಾರಿಗಳೆಂದು ಬೈದು ಮುಗಿಸುವುದು ಸುಲಭ. ಅಹಂಕಾರವೂ ಕೆಲವರಲ್ಲಿ ಇರುತ್ತದೆ, ಆದರೆ ಅಂಥವರು ಆಪ್ತಸಲಹೆಗೆ ಬರುವುದು ಅಪರೂಪ. ನಾನು ಹೆಚ್ಚಾಗಿ ಕಂಡಿರುವುದು ತನ್ನ ಬಗ್ಗೆ ತನಗೇ ಇರುವ ಅನುಮಾನವನ್ನು. ಮನಃಶಾಸ್ತ್ರಜ್ಞರಾದ ರಾಬರ್ಟ್ ವಿಕ್ಲಂಡ್ ಮತ್ತು ಪೀಟರ್ ಗೋಲ್ವಿಟ್ಸರ್ 1982ರಲ್ಲಿ ವಿವರಿಸಿದಂತೆ, ತಾನು ಇಂಥವನಾಗಬೇಕೆಂದು ಗಟ್ಟಿಯಾಗಿ ಹಿಡಿದುಕೊಂಡ ವ್ಯಕ್ತಿಗೆ ಅದರಲ್ಲಿ ಕೊರತೆಯ ಅರಿವಾದಾಗ, ಆ ಸ್ಥಾನಕ್ಕೆ ಸಲ್ಲುವ ಹೊರಗುರುತುಗಳನ್ನು ಒಟ್ಟುಮಾಡಿ ತೋರಿಸುವ ಒತ್ತಡ ಹೆಚ್ಚುತ್ತದೆ, ಮತ್ತು ಆ ಗುರುತುಗಳನ್ನು ಬೇರೆಯವರು ಗಮನಿಸಿದರೆ ಮಾತ್ರ ಅವನಿಗೆ ಸಮಾಧಾನ. ಸುಮಾ ತಾಯ್ತನವನ್ನೂ ದಾಂಪತ್ಯವನ್ನೂ ಅಷ್ಟು ಸಡಗರದಿಂದ ತೋರಿಸುತ್ತಿದ್ದುದು ಅವೆರಡೂ ತುಂಬಿ ತುಳುಕುತ್ತಿದ್ದುದರಿಂದಲ್ಲ. ಕೆಲಸ ಬಿಟ್ಟ ನಿರ್ಧಾರ ಸರಿಯಾಗಿತ್ತೆಂಬುದಕ್ಕೆ ಅವರ ಬಳಿ ಇದ್ದ ಸಾಕ್ಷಿ ಅವೆರಡೇ ಆಗಿದ್ದವು.

ಹೋಲಿಕೆಗೆ ಗೆಳತಿಯೇ ಏಕೆ ಬೇಕಾಯಿತು? ನಾವು ನಮ್ಮನ್ನು ಅಳೆದುಕೊಳ್ಳುವುದು ಹೆಚ್ಚಾಗಿ ನಮಗೆ ಸಮಾನರಾದವರ ಜೊತೆಗೆ ಎಂದು ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಹೇಳಿದ್ದರು. ಚಿತ್ರತಾರೆಯ ಬಂಗಲೆ ನಮ್ಮ ನಿದ್ರೆ ಕೆಡಿಸುವುದಿಲ್ಲ, ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವಳ ಬಡ್ತಿ ಕೆಡಿಸುತ್ತದೆ. ಇದಕ್ಕೆ ಮನಸ್ಸಿನ ಇನ್ನೊಂದು ಸ್ವಭಾವವೂ ಸೇರುತ್ತದೆ. 2012ರಲ್ಲಿ ಮನಃಶಾಸ್ತ್ರಜ್ಞರಾದ ಡಯಾನಾ ತಮೀರ್ ಮತ್ತು ಜೇಸನ್ ಮಿಚೆಲ್ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ಹೇಳಿಕೊಳ್ಳುವಾಗ ಜನರ ಮಿದುಳಿನಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ಭಾಗಗಳು ಚುರುಕಾಗಿದ್ದವು. ಅದಕ್ಕಾಗಿ ಸ್ವಲ್ಪ ಹಣ ಬಿಟ್ಟುಕೊಡಲೂ ಅವರು ಸಿದ್ಧರಿದ್ದರು. ಹೀಗಾಗಿ ತನ್ನ ಸಂತೋಷವನ್ನು ಹಂಚಿಕೊಳ್ಳುವ ಆಸೆಯೇ ರೋಗವಲ್ಲವೆಂದು ಸುಮಾ ಅವರಿಗೆ ಸ್ಪಷ್ಟವಾಗಿ ಹೇಳಿದೆ. ತಮ್ಮನ್ನು ತಾವು ಹಳಿದುಕೊಳ್ಳುವುದು ಅಂದಿನಿಂದ ಸ್ವಲ್ಪ ಕಡಿಮೆಯಾಯಿತು.

ಖಾತೆಯನ್ನೇ ಅಳಿಸಿಹಾಕಬೇಕೆಂಬುದು ಪತಿಯ ಬೇಡಿಕೆಯಾಗಿತ್ತು. ನಾನು ಒಪ್ಪಲಿಲ್ಲ. ಕೋಪದಲ್ಲಿ ಮುಚ್ಚಿದ ಖಾತೆಗಳು ಬಹುಪಾಲು ಬೇಗನೆ ತೆರೆದುಕೊಳ್ಳುತ್ತವೆ, ಒಳಗಿನ ಕೊರತೆಯಂತೂ ಹಾಗೆಯೇ ಉಳಿಯುತ್ತದೆ. ಬದಲಿಗೆ, ಏನನ್ನಾದರೂ ಹಾಕುವ ಮೊದಲು ಅದು ಯಾರ ಕಣ್ಣಿಗೆ ಬೀಳಬೇಕೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿದೆ. ಅಕ್ಕನ ಅಥವಾ ಗೆಳತಿಯ ಹೆಸರು ಬಂದರೆ ಒಂದು ದಿನ ತಡೆದು ನೋಡುವುದು. ಮರುದಿನವೂ ಹಂಚಿಕೊಳ್ಳಬೇಕೆನಿಸಿದರೆ ಹಂಚಿಕೊಳ್ಳಲು ಅಡ್ಡಿಯಿಲ್ಲ. ಗೆಳತಿಯ ಪೋಸ್ಟುಗಳನ್ನು ಆಕೆಗೆ ತಿಳಿಯದಂತೆ ಮ್ಯೂಟ್ ಮಾಡುವಂತೆಯೂ ಸೂಚಿಸಿದೆ. ಲೈಕುಗಳ ಎಣಿಕೆಯನ್ನು ಮರೆಮಾಡುವ ಸೌಲಭ್ಯ ಇನ್‌ಸ್ಟಾಗ್ರಾಮ್‌ನಲ್ಲಿ 2021ರಿಂದ ಇದೆ, ಅದನ್ನೂ ಬಳಸಿದರು. ರಾತ್ರಿ ಫೋನನ್ನು ಮಲಗುವ ಕೋಣೆಯ ಹೊರಗಿಡುವುದು ಎಲ್ಲರಿಗೂ ಗೊತ್ತಿರುವ ಉಪಾಯವೇ, ಆದರೆ ನಿದ್ರೆ ಸುಧಾರಿಸಿದ್ದು ಮೊದಲಿಗೆ ಅದರಿಂದ.

ಮಗನ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತವಾಗಿ ಮಾತನಾಡಿದೆ. ಹತ್ತು ವರ್ಷದ ಆ ಹುಡುಗ ಎಲ್ಲಿಗೆ ಹೋದರೂ “ಫೋಟೋ ಆಯಿತಲ್ಲ, ಇನ್ನು ಆಡಲಾ?” ಎಂದು ಕೇಳುತ್ತಿದ್ದನಂತೆ. ಅವನ ಅಂಕಪಟ್ಟಿ ಅವನದು. ಅವನನ್ನು ಕೇಳದೆ ಅದನ್ನು ಯಾರಿಗೂ ತೋರಿಸಬಾರದು, ಅವನು ಬೇಡವೆಂದರೆ ಕಾರಣ ಕೇಳಬಾರದು ಎಂದೆ.

ಪತಿಗೂ ಕೆಲಸ ಕೊಟ್ಟೆ. ಹೆಂಡತಿಯ ಪೋಸ್ಟುಗಳನ್ನು ನೆಂಟರ ಮುಂದೆ ಹಾಸ್ಯ ಮಾಡುವುದನ್ನು ಅವರು ನಿಲ್ಲಿಸಬೇಕಿತ್ತು. ವಾರ್ಷಿಕೋತ್ಸವದ ಆ ಬರಹವನ್ನು ಇಬ್ಬರೂ ನನ್ನೆದುರು ಕುಳಿತು ಇನ್ನೊಮ್ಮೆ ಓದಿದಾಗ, ಅದರಲ್ಲಿದ್ದ ಹೊಗಳಿಕೆಯಲ್ಲಿ ಅರ್ಧದಷ್ಟು ನಿಜವೇ ಎಂದು ಸುಮಾ ಹೇಳಿದರು. ಉಳಿದರ್ಧ ತಮಗೆ ಬೇಕಾಗಿದ್ದು, ಸಿಗದೇ ಇದ್ದದ್ದು. ಆ ಉಳಿದರ್ಧದ ಬಗ್ಗೆ ಅವರಿಬ್ಬರೂ ಮಾತನಾಡತೊಡಗಿದ ಮೇಲೆ ನನ್ನ ಪಾಲು ಕಡಿಮೆಯಾಯಿತು.

ಸುಮಾ ಈಗಲೂ ಫೋಟೋ ಹಾಕುತ್ತಾರೆ, ಮೊದಲಿಗಿಂತ ಕಡಿಮೆ. ಅರೆಕಾಲಿಕ ಕೆಲಸಕ್ಕಾಗಿ ಅರ್ಜಿ ಹಾಕುತ್ತಿದ್ದಾರೆ, ಇನ್ನೂ ಯಾವುದೂ ಕೈಗೂಡಿಲ್ಲ. ಗೆಳತಿಗೆ ಅವರೇ ಫೋನ್ ಮಾಡಿ ಮಾತನಾಡಿದ್ದಾರೆ. ಅಕ್ಕನೊಂದಿಗಿನ ಮಾತು ಬಾಕಿಯಿದೆ. ಹಳೆಯ ಆ ಮಾತಿನಿಂದ ನೋವಾಯಿತೆಂದಷ್ಟೇ ಹೇಳಿ, ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಳ್ಳಲು ಹೋಗದಿರುವಷ್ಟು ಧೈರ್ಯ ಬಂದ ಮೇಲೆ ಹೋದರೆ ಸಾಕು ಎಂದಿದ್ದೇನೆ.